ಟಿಣ್ ಎನ್ನುವ ಬಾಗಿಲು

ಜೊಹಾನ್ಸ್‌ಬರ್ಗಿಗೆ ಬಂದ ಮರುದಿನ ಬೆಳಗ್ಗೆ, ಹಡಗಲಿಯಲ್ಲಿ ನಲವತ್ತು ವರ್ಷ ಮಾಡಿದಂತೆ, ಬಾಗಿಲಿಗೆ ನೀರು ಹಾಕಲು ಚಂಬು ಹಿಡಿದು ಚಿಲಕ ತೆಗೆದೆ. ಮನೆಯೇ ಕಿರುಚಿಕೊಂಡಿತು. ಚಂಬು ಕೈಜಾರಿತು. ಬಾಣಂತಿ ಮಗಳು ಶಾಂತಾ ಓಡಿಬಂದು, ಗೋಡೆಯ ಪೆಟ್ಟಿಗೆಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು.

"ಯವ್ವಾ, ಇಲ್ಲಿ ಹಂಗ ಬಾಗ್ಲಾ ತಗೀಬಾರ್ದು. ಕಳ್ಳರ ಕಾಟ ಐತಿ."

"ಕಳ್ಳರನ್ನ ನೋಡಿ ಒದರ್ಲಿ. ನನ್ನ ನೋಡಿ ಯಾಕ ಒದರ್ತೈತಿ?"

ಆ ಗದ್ದಲಕ್ಕೆ ಎಚ್ಚರಾದ ಮೂರು ತಿಂಗಳ ಮೊಮ್ಮಗಳು ಗೌರಿ ಅಳಲಿಲ್ಲ, ಬೊಚ್ಚುಬಾಯಿ ಅಗಲಿಸಿ ನಕ್ಕಳು! ನಾನು ಓದಿದ್ದು ನಾಲ್ಕನೇ ಇಯತ್ತೆ. ಆ ನಗುವನ್ನು ಬರೆಯುವಷ್ಟು ಅಕ್ಷರ ನನ್ನಲ್ಲಿಲ್ಲ.

ಇಲ್ಲಿನ ಪಾಪ್ ಎಂಬ ಬಿಳಿ ಮೆಕ್ಕೆಜೋಳದ ಗಂಜಿ ನಮ್ಮ ಜೋಳದ ನುಚ್ಚಿನಂತೆಯೇ ಗಂಟಲಿಗಿಳಿಯಿತು. ಇಳಿಯದ್ದು ಮುಚ್ಚಿದ ಬಾಗಿಲು. ನಮ್ಮ ಓಣಿಯಲ್ಲಿ ಬೆಳಗಾದರೆ ಹತ್ತು ಬಾಗಿಲು ತೆರೆಯುತ್ತವೆ, ಹತ್ತು ಬಾಯಿ ಮಾತಾಡುತ್ತವೆ. ಇಲ್ಲಿ ಎತ್ತರದ ಗೋಡೆ, ಅದರ ಮೇಲೆ ಕರೆಂಟಿನ ತಂತಿ. ಮಾತಿಗೆ ಸಿಗುವವಳು ಪಕ್ಕದ ಮನೆಗೆಲಸದಾಕೆ ಒಬ್ಬಳೇ. ನನ್ನನ್ನು 'ಗೋಗೊ' ಎನ್ನುತ್ತಾಳೆ. ಅವರ ಮಾತಿನಲ್ಲಿ ಅಜ್ಜಿ. ಬಾಗಿಲಿಗೆ ನೀರು ಬೀಳದೆ ತಿಂಗಳಾಯಿತು. ದಿನ ಶುರುವಾಗದೆಯೇ ಮುಗಿಯುತ್ತಿತ್ತು, ಮೈಯೆಲ್ಲ ದಣಿವು.

ಅಳಿಯ ಕೊಟ್ರೇಶನ ಕೆಲಸ ಈ ಪೆಟ್ಟಿಗೆ ಮಾರುವ ಅಂಗಡಿಯಲ್ಲೇ. ಯಾವ ಹೊಸ ಪೆಟ್ಟಿಗೆ ತರಿಸಬೇಕೆಂದು ಅಂಗಡಿಯವರು ಅವನನ್ನೇ ಕೇಳಿದ್ದರು. ವೈರಿಲ್ಲದ ಒಂದನ್ನು ಮನೆಗೆ ತಂದು ಹತ್ತು ದಿನ ಒದ್ದಾಡಿದ.

"ಅತ್ತೀ, ಪೆಟ್ಟಿಗಿ ಹೊಸಾದು, ಯಾರರ ಅಡ್ಡಾಡಿದ್ರ ಅದಕ್ಕ ಹೇಳೋ ಗೋಡಿ ಮ್ಯಾಲಿನ ಕಣ್ಣು ಹಳೇವು. ಮಂದಿ ಮನಿಯಾಗೂ ಹಳೇವ ಅದಾವು. ಒಂದರ ಮಾತು ಒಂದಕ್ಕ ತಿಳೀಬೇಕು. ತಿಳೀತಂದ್ರ ನಿಮಗೂ ಛಲೋ. ಇದು ಮುಂಜಾನಿ ಮುಂಬಾಗ್ಲಾ ಬಿಟ್ಟು ಉಳಿದದ್ದು ಕಾಯ್ತೈತಿ. ನೀವು ನೀರು ಹಾಕ್ರಿ, ರಂಗೋಲಿ ಬಿಡ್ರಿ. ಬರೇ ಟಿಣ್ ಅಂತೈತಿ."

ಅಂದಿನಿಂದ ಆ ಪೆಟ್ಟಿಗೆ ಗೆಲ್ಲಲೆಂದು ನಮ್ಮ ಉಜ್ಜಿನಿಯ ಮರುಳಸಿದ್ಧನನ್ನು ಬೇಡಿಕೊಂಡೆ. ಆಯುಧ ಪೂಜೆ ಬಂತು. ಪೆಟ್ಟಿಗೆಗೆ ಕುಂಕುಮ ಇಟ್ಟೆ. ಸ್ಟೂಲು ಹತ್ತಿ, ಕೈಗೆಟುಕಿದ ನಡುಮನೆಯ ಕಣ್ಣೊಂದಕ್ಕೆ, ಉಜ್ಜಿನಿಯಿಂದ ತಂದ ವಿಭೂತಿ ಕಲಸಿ ಮೂರು ಬೆರಳಲ್ಲಿ ದಪ್ಪಗೆ ಎಳೆದೆ.

ಮಧ್ಯಾಹ್ನ ಪರೀಕ್ಷೆ. ಶಾಂತಾ ನಡುಮನೆಯಲ್ಲಿ ನಾಲ್ಕು ಸಲ ತಿರುಗಿದಳು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಕೊಟ್ರೇಶ ತಲೆಯ ಮೇಲೆ ಕೈಹೊತ್ತು ಕುಳಿತ.

"ಹೊಂದಲಿಲ್ಲತ್ತಿ. ಈ ಪೆಟ್ಟಿಗಿ ಬ್ಯಾಡ ಅಂತ ಅಂಗಡಿಗೆ ಬರ್ದು ಕೊಡ್ತೀನಿ."

ಕಣ್ಣೆತ್ತಿ ಗೋಡೆ ನೋಡಿದೆ. ಬಿಳಿ ಕಣ್ಣಿನ ಮೇಲೆ ಬಿಳಿ ವಿಭೂತಿ, ಇಟ್ಟವಳಿಗಷ್ಟೇ ಕಾಣುವಂತಿತ್ತು. ಹೇಳಿದರೆ ನಗೆಪಾಟಲು, ಹೇಳದಿದ್ದರೆ ಅವನ ಹತ್ತು ದಿನದ ದುಡಿಮೆಯೂ ನನ್ನ ಬಾಗಿಲೂ ಹೋಗುತ್ತವೆ.

"ಕೊಟ್ರೇಶಪ್ಪಾ, ಅದಕ್ಕ ನಾ ಇಬತ್ತಿ ಹಚ್ಚೀನಿ."

ಸ್ಟೂಲು ಹತ್ತಿ ನೋಡಿದ. "ಅತ್ತೀ, ಕಣ್ಣಿಗೇ ಹಚ್ಚೀರಲ್ರೀ!"

"ಅದಕ್ಕ ಹಣಿ ಎಲ್ಲೈತಪಾ?"

ಒದ್ದೆ ಬಟ್ಟೆಯಲ್ಲಿ ಒರೆಸಿದ. ಶಾಂತಾ ಮತ್ತೆ ನಡೆದಳು. ಪೆಟ್ಟಿಗೆ ಊರು ಹಾರಿಹೋಗುವಂತೆ ಕಿರುಚಿತು. ಗೌರಿಯನ್ನೆತ್ತಿಕೊಂಡು ಕುಣಿದುಬಿಟ್ಟೆ!

ಬಾಣಂತನ ಮುಗಿದ ಮೇಲೂ ಇಲ್ಲೇ ಉಳಿದು ಮೂರು ವರ್ಷವಾಯಿತು. ಪೆಟ್ಟಿಗೆ ದಿನಾ ಟಿಣ್ ಎನ್ನುತ್ತದೆ. ನೀರು ಹಾಕುತ್ತೇನೆ. ಬಾಗಿಲಿಗೂ ಹೊರಗಿನ ಕಬ್ಬಿಣದ ಜಾಲರಿಗೂ ನಡುವೆ ಗೇಣಗಲ ಜಾಗ, ಅಷ್ಟರಲ್ಲೇ ರಂಗೋಲಿ. ಆ ಸದ್ದಿಗೆ ಗೌರಿ ಎದ್ದು "ಅಜ್ಜೀ" ಎನ್ನುತ್ತಾಳೆ.

ಹೋದ ವರ್ಷ ಹಡಗಲಿಗೆ ಹೋಗಿದ್ದೆ. ಬೆಳಗ್ಗೆ ಬಾಗಿಲು ತೆರೆದು, ತುಂಬಿದ ಚಂಬು ಹಿಡಿದು ನಿಂತೇ ಇದ್ದೆ.

"ಯಾಕ ನಿಂತ್ರೀ ಅತ್ತಿ?" ಎಂದಳು ಸೊಸೆ.

ಓಣಿಯ ಹತ್ತೂ ಬಾಗಿಲುಗಳಿಂದ ನನ್ನನ್ನು ಮಾತಾಡಿಸುತ್ತಿದ್ದರು. ನಾನು ಹಿಂದಕ್ಕೆ, ಮನೆಯೊಳಕ್ಕೆ, ಆ ಟಿಣ್‌ಗಾಗಿ ಕಿವಿಗೊಟ್ಟಿದ್ದೆ.