ರಸ್ಟಾಡ್ ಅಂಗಳದ ಹಳದಿ ಬಸ್ಸು

ನಮ್ಮ ಟೆಲ್ಫರ್ ಶಾಲೆಗೆ ಉತ್ತರದ ಬಯಲಿನಿಂದ ಬರುವ ಮಕ್ಕಳನ್ನೆಲ್ಲ ಕರೆತರುವವಳು ಆರ್ಡಿಸ್ ರಸ್ಟಾಡ್. ಅಮೆರಿಕದ ಮೊಂಟಾನಾದ ಈ ಮೂಲೆಯಲ್ಲಿ ಒಂದು ಮನೆಯ ಹೊಗೆ ಇನ್ನೊಂದು ಮನೆಗೆ ಕಾಣುವುದಿಲ್ಲ. ಹಾಗಾಗಿ ಶಾಲೆಯ ಬಸ್ಸು ರಾತ್ರಿ ಶಾಲೆಯಲ್ಲಿ ತಂಗುವುದಿಲ್ಲ, ಓಡಿಸುವವರ ಮನೆಯಂಗಳದಲ್ಲಿ ತಂಗುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ದೂರದ ಮಗು ಎಲ್ಲರಿಗಿಂತ ಮೊದಲು ಹತ್ತಬೇಕಲ್ಲ. ನಾನು ಶಾಲೆಯ ಅಡುಗೆಮನೆಯವಳು. ಅವಳು ಮಕ್ಕಳನ್ನು ಇಳಿಸಿ ಒಳಗೆ ಬಂದಳೆಂದರೆ ದಿನದ ಮೊದಲ ಕಾಫಿ ನಮ್ಮಿಬ್ಬರದು.

ಎತ್ತರದ ಹೆಂಗಸು, ಗಂಡನ ಹಳೆಯ ಕ್ಯಾನ್ವಾಸ್ ಕೋಟನ್ನೇ ಹಾಕಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಮಕ್ಕಳು ಎಷ್ಟೇ ಗಲಾಟೆ ಮಾಡಲಿ ಗದರುವುದಿಲ್ಲ. ರಸ್ತೆಯ ಬದಿಗೆ ಬಸ್ಸು ನಿಲ್ಲಿಸಿ ಕನ್ನಡಿಯಲ್ಲಿ ಅವರನ್ನೇ ನೋಡುತ್ತ ಕೂರುತ್ತಾಳೆ. ಸದ್ದು ತಾನಾಗಿ ಅಡಗುತ್ತದೆ. ಒಂದು ಸಲ ಹಿಮಗಾಳಿ ಎದ್ದು ಮುಂದಿನ ಗಾಜಿನಾಚೆ ಏನೂ ಕಾಣದಾದಾಗ, ಹಿಮ ತೆಗೆಯುವ ಗಾಡಿ ಬರುವವರೆಗೂ ಮಕ್ಕಳನ್ನು ಹಾಡಿಸುತ್ತ ಬಸ್ಸಿನಲ್ಲೇ ಕೂರಿಸಿಕೊಂಡಿದ್ದಳು. ಆವತ್ತು ನಾನು ಒಲೆಯ ಮುಂದೆ ನಿಂತು ಮಾಡಿದಷ್ಟು ಪ್ರಾರ್ಥನೆಯನ್ನು ಚರ್ಚಿನಲ್ಲೂ ಮಾಡಿಲ್ಲ.

ಅವಳ ಗಂಡ ಡೆಲ್ಬರ್ಟ್ ಗೋಧಿ ಬೆಳೆಯುವವನು. ಮಾತು ಕಡಿಮೆ, ಹಟ ಜಾಸ್ತಿ. ಒಂದು ಬೇಸಿಗೆ ಅವನ ಯಂತ್ರಗಳ ಕೊಟ್ಟಿಗೆ ಬಿರುಗಾಳಿಗೆ ಬುಡಸಮೇತ ಹಾರಿಹೋಯಿತು. ಆದರೆ ತೆರಿಗೆ ಕಚೇರಿಯ ಲೆಕ್ಕದಲ್ಲಿ ಅದು ನಿಂತೇ ಇತ್ತು. ಅವನು ಹೋಗಿ ಹೇಳಿದ, ಫೋನು ಮಾಡಿದ, ಮತ್ತೆ ಹೋದ. ಮುಂದಿನ ವರ್ಷವೂ ಇಲ್ಲದ ಕೊಟ್ಟಿಗೆಗೆ ತೆರಿಗೆ ಬಂತು. ಅದೇ ಚಳಿಗಾಲ ಯಾರೋ ಅವನನ್ನು ಬಿಲ್ಲಿಂಗ್ಸ್ ನಗರದ ಹೋಟೆಲೊಂದರ ಸಭೆಗೆ ಕರೆದುಕೊಂಡು ಹೋದರು. 'ನೀನು ಬಾಯಿಬಿಟ್ಟು ಒಪ್ಪದ ಯಾವ ಕಾನೂನೂ ನಿನಗೆ ಅಂಟುವುದಿಲ್ಲ, ನಿನಗೆ ನೀನೇ ದೊರೆ' ಎಂದು ಅಲ್ಲಿ ಒಬ್ಬ ಹೇಳಿದನಂತೆ. ಸೋತು ಕೂತಿದ್ದವನಿಗೆ ಆ ಮಾತು ಹಿಡಿಸಿತು. ಡೆಲ್ಬರ್ಟ್ 'ಸಾರ್ವಭೌಮ ಪ್ರಜೆ'ಯಾಗಿ ಮನೆಗೆ ಬಂದ.

ತೆರಿಗೆ ಕಟ್ಟುವುದನ್ನು ನಿಲ್ಲಿಸಿದ. ಪಿಕಪ್ ಟ್ರಕ್ಕಿನ ನಂಬರ್ ಪ್ಲೇಟು ಕಿತ್ತ, ಜಿಲ್ಲೆಯ ಪೊಲೀಸ್ ಅಧಿಕಾರಿ ಶೆರಿಫ್ ತಡೆದ ಮೇಲೆ ಪಿಕಪ್ಪನ್ನೇ ಮುಟ್ಟದೆ ಹೊಲದೊಳಗೆ ಟ್ರ್ಯಾಕ್ಟರಿನಲ್ಲಿ ತಿರುಗಿದ. ಗೇಟಿಗೆ ಒಂದು ಬೋರ್ಡು ಹಾಕಿದ: 'ಸರ್ಕಾರಿ ವಾಹನಗಳಿಗೆ ಪ್ರವೇಶವಿಲ್ಲ.'

ಅವತ್ತು ಸಂಜೆ ಆರ್ಡಿಸ್ ಬಸ್ಸು ನಿಲ್ಲಿಸಿ, ಇಳಿದು, ಗೇಟು ತೆಗೆದಳು.

"ಬೋರ್ಡು ನೋಡಿದ್ಯಾ?" ಅಂದ ಡೆಲ್ಬರ್ಟ್.

"ನೋಡ್ದೆ. ಅಕ್ಷರ ಚೆನ್ನಾಗಿ ಬಂದಿದೆ. ಸ್ವಲ್ಪ ಆ ಕಡೆ ಸರ್ಕೋ, ಬಸ್ಸು ತಿರುಗಿಸ್ಬೇಕು."

ಅವನು ಸರಿದುಕೊಂಡ. ಕತ್ತಲಾಗುವ ಮೊದಲು ಎಂದಿನಂತೆ ಮನೆಯಿಂದ ಕರೆಂಟಿನ ವೈರು ಎಳೆದು ಬಸ್ಸಿನ ಮೂತಿಗೆ ಸಿಕ್ಕಿಸಿದ. ಹಾಗೆ ರಾತ್ರಿಯಿಡೀ ಇಂಜಿನ್ನನ್ನು ಬೆಚ್ಚಗಿಡದಿದ್ದರೆ ನಮ್ಮ ಚಳಿಗೆ ಬೆಳಿಗ್ಗೆ ಬಸ್ಸು ಕೆಮ್ಮುವುದೂ ಇಲ್ಲ. ಅದು ಮೊದಲಿಂದಲೂ ಅವನ ಕೆಲಸ. ದೊರೆಯಾದ ಮೇಲೂ ಬಿಡಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯ ಕಾಫಿ ಮೇಜಿನಲ್ಲಿ ಇದೇ ಮಾತು. ದನದ ಮೇವಿನ ಅಂಗಡಿಯ ಲೈಲ್ ಹೆಗ್‌ಸ್ಟಾಡ್ ಶಾಲಾ ಮಂಡಳಿಗೂ ಅಧ್ಯಕ್ಷ. ಅವನಿಗೆ ಡೆಲ್ಬರ್ಟನನ್ನು ಕೆಣಕದಿದ್ದರೆ ಕೇಕು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ನಿನ್ನ ಗೋಧಿ ಮಾರ್ಕೆಟ್ಟಿಗೆ ಹೆಂಗೆ ಹೋಗುತ್ತೆ ಡೆಲ್ಬರ್ಟ್, ಹಾರ್ಕೊಂಡಾ?"

"ರಸ್ತೆಗೆ ಅಂತ ಕೇಳ್ಲಿ, ಕೊಡ್ತೀನಿ. ಹಾರಿಹೋಗಿರೋ ಕೊಟ್ಟಿಗೆಗೆ ಕೊಡಲ್ಲ."

"ಸರ್ಕಾರ ಅಂದ್ರೆ ಹೋಟ್ಲಾ, ತಿಂದಿದ್ದಕ್ಕೆ ಮಾತ್ರ ಬಿಲ್ಲು ಕೊಡೋಕೆ?"

"ಹೋಟ್ಲಲ್ಲಿ ತಿನ್ನದೇ ಇರೋದನ್ನ ಬಿಲ್ಲಿಗೆ ಹಾಕಿದ್ರೆ ನೀನು ಸುಮ್ನೆ ಎದ್ದು ಬರ್ತೀಯಾ, ಲೈಲ್?"

ಆವತ್ತು ಲೈಲನೇ ಮಾತು ಬದಲಾಯಿಸಿದ. ನಮಗೆಲ್ಲ ಡೆಲ್ಬರ್ಟನ ಕೊಟ್ಟಿಗೆಯ ವಿಷಯದಲ್ಲಿ ಮರುಕವಿತ್ತು, ಉಳಿದದ್ದರಲ್ಲಿ ಇರಲಿಲ್ಲ. ಆದರೂ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು.

ಆಮೇಲೆ ಡೆಲ್ಬರ್ಟನನ್ನು ಹುಡುಕಿಕೊಂಡು ಟಿ.ವಿ.ಯವರು ಬಂದರು. ದೊಡ್ಡ ನಗರದ ಚಾನೆಲ್ಲು. ವರದಿಗಾರ್ತಿ ಮಾರಾ ಕೆಲಿಂಗ್ ಎಂಬ ಮರ್ಯಾದಸ್ಥ ಹುಡುಗಿ. ಆರ್ಡಿಸ್ ಅವರಿಗೆಲ್ಲ ಸೇಬಿನ ಪೈ ಕೊಟ್ಟಳು. ಡೆಲ್ಬರ್ಟ್ ಮಧ್ಯಾಹ್ನವಿಡೀ ಕೊಟ್ಟಿಗೆಯ ಕಥೆ ಹೇಳಿದ.

ಪ್ರಸಾರವಾದ ದಿನ ಅದರಲ್ಲಿ ಕೊಟ್ಟಿಗೆ ಇರಲಿಲ್ಲ. ಪೈ ಕೂಡ ಇರಲಿಲ್ಲ. ನರಿ ಓಡಿಸಲು ಬಾಗಿಲ ಬಳಿ ತೂಗುಹಾಕಿದ್ದ ಬಂದೂಕು ಇತ್ತು. ಗೇಟಿನ ಬೋರ್ಡು ಇತ್ತು, ಅದರ ಹಿಂದೆ ನಮ್ಮ ಹಳದಿ ಬಸ್ಸು. ಮುಸ್ಸಂಜೆಯಲ್ಲಿ ಡೆಲ್ಬರ್ಟ್ ವೈರು ಹಿಡಿದು ಬಸ್ಸಿನ ಕಡೆ ಬಗ್ಗಿ ನಡೆಯುವುದನ್ನು ನಿಧಾನವಾಗಿ ತೋರಿಸಿ, ಎದೆ ನಡುಗಿಸುವ ಸಂಗೀತ ಹಾಕಿದ್ದರು. 'ಕಾನೂನನ್ನು ಒಪ್ಪದವನ ಅಂಗಳದಲ್ಲಿ ಮಕ್ಕಳ ಬಸ್ಸು' ಎಂದಿತು ದನಿ.

ಇಂಜಿನ್ ಕಾಯಿಸುವುದು ನಮ್ಮೂರಿನ ಹಸುಳೆಗೂ ಗೊತ್ತು. ಲೈಲ್ ಬಿದ್ದುಬಿದ್ದು ನಕ್ಕ. ಆದರೆ ಮಾರನೆಯ ದಿನ ನಗು ಇರಲಿಲ್ಲ. ಬಸ್ಸಿನಲ್ಲಿ ಅವಳಿ ಮಕ್ಕಳನ್ನು ಕಳಿಸುವ ಟಾನ್ಯಾ ಬ್ರೆಕೆ ಶಾಲೆಗೆ ಫೋನು ಮಾಡಿದಳು, ಅವಳ ಹಿಂದೆಯೇ ಬೇರೆಯವರೂ. ಆರ್ಡಿಸಳಿಂದ ಬಸ್ಸನ್ನು ವಾಪಸು ತೆಗೆದುಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಮಂಡಳಿ ಸಭೆ ಕರೆಯಿತು.

"ಹೆದರಿಕೆ ಆಗ್ತಿದ್ಯಾ?" ಅಂದೆ ಕಾಫಿ ಕೊಡುತ್ತ.

"ಹೆದರಿಕೆ ಯಾಕೆ? ಬಸ್ಸು ಬಿಟ್ಕೊಡೋ ಹಾಗಿಲ್ಲ, ಅಷ್ಟೇ. ಕೇಳೋರು ನನ್ನ ಮುಖ ನೋಡ್ಕೊಂಡು ಕೇಳ್ಲಿ," ಅಂದಳು.

ಸಭೆ ಶಾಲೆಯ ಆಟದ ಹಾಲಿನಲ್ಲಿ. ಊರೆಲ್ಲ ಮಡಚುವ ಕುರ್ಚಿಗಳಲ್ಲಿ ಕೂತಿತ್ತು. ಮಾರಾ ಕೆಲಿಂಗ್ ಕ್ಯಾಮೆರಾ ಸಮೇತ ಬಂದಿದ್ದಳು. ಆರ್ಡಿಸ್ ಪಿಕಪ್ಪಿಗೆ ಪ್ಲೇಟು ಸಿಕ್ಕಿಸಿ ತಾನೇ ಓಡಿಸಿಕೊಂಡು ಬಂದಳು, ಪಕ್ಕದ ಸೀಟಿನಲ್ಲಿ ಡೆಲ್ಬರ್ಟ್. ಅವನು ಸರ್ಕಾರಿ ಕಟ್ಟಡದೊಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತ.

ಟಾನ್ಯಾ ಎದ್ದು ನಿಂತಳು. ಅವಳಿಗೂ ಸುಲಭವಿರಲಿಲ್ಲ. "ಆರ್ಡಿಸ್, ನಿನ್ನ ಡ್ರೈವಿಂಗ್ ಬಗ್ಗೆ ನಂಗೆ ಒಂದು ಮಾತೂ ಇಲ್ಲ. ವೈರಿನ ಕಥೇನೂ ಬಿಡು. ಆದ್ರೆ ತೆರಿಗೆ ಬಾಕಿ ಅಂತ ವಸಂತದಲ್ಲಿ ಶೆರಿಫ್ ಜಮೀನು ಹರಾಜಿನ ನೋಟೀಸು ತರ್ತಾನೆ, ಎಲ್ರಿಗೂ ಗೊತ್ತು. ಅವತ್ತು ನಿನ್ನ ಗಂಡ ಗೇಟು ಹಾಕ್ಕೊಂಡು ಒಳಗೆ ಕೂತ್ರೆ? ಬಸ್ಸು ಒಳಗೆ, ನೀನೂ ಒಳಗೆ, ನನ್ನ ಮಕ್ಳು ಚಳೀಲಿ ರಸ್ತೆ ಮೇಲೆ."

ಟಿ.ವಿ. ಕೇಳದೆ ಬಿಟ್ಟ ಪ್ರಶ್ನೆಯನ್ನು ಅವಳು ಕೇಳಿದ್ದಳು.

"ಸರಿಯಾದ ಪ್ರಶ್ನೇನೇ ಕೇಳ್ದೆ ನೀನು," ಅಂದಳು ಆರ್ಡಿಸ್. ಮಂಡಳಿಯ ಕಡೆ ತಿರುಗಲಿಲ್ಲ, ಗಂಡನ ಕಡೆ ತಿರುಗಿದಳು. "ಡೆಲ್ಬರ್ಟ್, ಎದ್ದು ನಿಲ್ಲು."

ಅವನು ನಿಂತ.

"ಬಾಯಿಬಿಟ್ಟು ಒಪ್ಪಿದ್ದು ಮಾತ್ರ ಮನುಷ್ಯನ್ನ ಕಟ್ಟುತ್ತೆ ಅಂತೀಯಲ್ಲ?"

"ಹೂಂ."

"ಹಾಗಾದ್ರೆ ಇಲ್ಲಿ ಒಪ್ಕೋ. ಕಾನೂನಿಗಲ್ಲ, ಟಾನ್ಯಾಗೆ. ಗೇಟು ಹಾಕಲ್ಲ ಅಂತ."

ಡೆಲ್ಬರ್ಟ್ ಟೋಪಿ ತಿರುಗಿಸಿದ. "ಬಸ್ಸಿಗೆ ಹಾಕಲ್ಲ. ಅದನ್ನ ಈಗ್ಲೇ ಒಪ್ತೀನಿ."

"ಶೆರಿಫ್‌ಗೆ?" ಅಂದಳು ಟಾನ್ಯಾ.

"ಅದು ಬೇರೆ ವಿಷಯ."

"ಬೇರೆ ಅಲ್ಲ," ಅಂದಳು ಆರ್ಡಿಸ್. "ಗೇಟು ಇರೋದು ಒಂದೇ. ಅದು ಅವನಿಗೆ ಹಾಕಿದ್ರೆ ನಂಗೂ ಹಾಕಿದ ಹಾಗೆ. ಹಾಕಿದ ದಿನ ನಾನು ಬಸ್ಸು ತಗೊಂಡು ಬೇಲಿ ಮುರ್ಕೊಂಡಾದ್ರೂ ಆಚೆ ಬರ್ತೀನಿ, ವಾಪಸ್ ಬರಲ್ಲ. ಇದನ್ನ ನಾನೂ ಬಾಯಿಬಿಟ್ಟೇ ಹೇಳ್ತಿದೀನಿ."

ನಾನು ಕೋಟಿನ ಜೇಬಿನಲ್ಲಿ ಕೈಗಳನ್ನು ಹೆಣೆದುಕೊಂಡು ದೇವರನ್ನು ಒಂದೇ ಕೇಳಿಕೊಂಡೆ, ಈ ಮನುಷ್ಯನ ಹಟಕ್ಕೆ ಒಂದು ಕಿಟಕಿ ತೆಗಿ ಎಂದು.

ಡೆಲ್ಬರ್ಟ್ ಟಾನ್ಯಾಳ ಕಡೆ ತಿರುಗಿದ. "ಶೆರಿಫ್ ಕೊಟ್ಟ ಕಾಗದಕ್ಕೆ ಸಹಿ ಹಾಕಲ್ಲ," ಅಂದ. "ಅವನು ಹೇಳಿದ್ದು ಸರಿ ಅಂತ್ಲೂ ಹೇಳಲ್ಲ. ಆದ್ರೆ ಗೇಟು ಯಾರಿಗೂ ಹಾಕಲ್ಲ. ಬಂದೂಕು ನಾಳೆ ತಂದು ಲೈಲ್ ಅಂಗಡೀಲಿ ಇಡ್ತೀನಿ. ಒಪ್ಪಿದೀನಿ ಟಾನ್ಯಾ."

"ಆಯ್ತು," ಅಂದಳು ಟಾನ್ಯಾ. "ನಿನ್ನ ಮಾತು ಸಾಕು."

ಮಂಡಳಿಯವರು ಕೈ ಎತ್ತಿ ಮತ ಹಾಕಿದರು. ಬಸ್ಸು ಆರ್ಡಿಸಳಲ್ಲೇ ಉಳಿಯಿತು. ಹೊರಡುವಾಗ ಮಾರಾ ಅವಳ ಹತ್ತಿರ ಬಂದು, "ಇವತ್ತಿನದನ್ನ ಹಾಕೋಕೆ ಪ್ರಯತ್ನ ಪಡ್ತೀನಿ ಮಿಸೆಸ್ ರಸ್ಟಾಡ್, ಆದ್ರೆ ನಮ್ಮ ಸಂಪಾದಕರು..." ಎಂದು ತಡವರಿಸಿದಳು.

"ಇಲ್ಲಿ ಯಾರೂ ಯಾರನ್ನೂ ಹೊಡೀಲಿಲ್ಲ ಅಂತ ಹೇಳಮ್ಮ ಅವರಿಗೆ," ಅಂದಳು ಆರ್ಡಿಸ್. "ಅದೂ ಸುದ್ದೀನೇ."

ಅದು ಪ್ರಸಾರವಾಗಲಿಲ್ಲ.

ವಸಂತದಲ್ಲಿ ಶೆರಿಫ್ ಬಂದ. ಗೇಟು ಹಾರುಹೊಡೆದಿತ್ತು. ಡೆಲ್ಬರ್ಟ್ ಅವನನ್ನು ಕೂರಿಸಿ, ಕಾಫಿ ಕೊಟ್ಟು, ನೋಟೀಸಿನ ಸಾಲುಸಾಲಿಗೂ ತಕರಾರು ತೆಗೆದ. ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ತೊರೆಯ ಪಕ್ಕದ ಒಳ್ಳೆಯ ಗೋಧಿ ನೆಲ ಹರಾಜಿನಲ್ಲಿ ಹೋಯಿತು. ಹರಾಜಿನ ದಿನ ಅವನು ಟೋಪಿ ಹಾಕಿಕೊಂಡು ಎಲ್ಲರ ಜೊತೆ ನಿಂತು ನೋಡಿದ. ಉಳಿದ ನೆಲದ ತೆರಿಗೆಯನ್ನು ಆರ್ಡಿಸ್ ತನ್ನ ಸಂಬಳದಿಂದ ಕಟ್ಟುತ್ತಿದ್ದಾಳೆ. ಅವನು ಅದನ್ನು ಒಪ್ಪಿಲ್ಲ, ಬೇಡವೆಂದೂ ಅನ್ನುವುದಿಲ್ಲ.

"ಆ ನೆಲ ಹೋಗಿದ್ದಕ್ಕೆ ಬೇಜಾರಿಲ್ವಾ?" ಎಂದು ಒಂದು ಬೆಳಿಗ್ಗೆ ಕೇಳಿದೆ.

"ಇದೆ. ಆ ದಾರೀಲಿ ಬಸ್ಸು ಹೋಗೋವಾಗ ದಿನಾ ಕಾಣುತ್ತಲ್ಲ," ಅಂದಳು. ಬಟ್ಟಲು ತೊಳೆದು ಬೋರಲು ಹಾಕಿದಳು. "ಆದ್ರೆ ಗಂಡ ಮನೇಲಿದಾನೆ, ಬಸ್ಸು ಅಂಗಳದಲ್ಲಿದೆ, ಟಾನ್ಯಾ ಮಕ್ಳು ದಿನಾ ನನ್ನ ಹಿಂದಿನ ಸೀಟಿಗೇ ಜಗಳ ಆಡ್ತಾರೆ. ಇನ್ನೇನು ಬೇಕು ಹೇಳು."

ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟಳು.