ಮದ್ದು ತಿಂದವನ ರಿಪೋರ್ಟು

ಚಿಕ್ಕಮಗಳೂರಿನ ನಮ್ಮ ಲ್ಯಾಬಿಗೆ ಅವಳು ಬಯಲುಸೀಮೆಯಿಂದ ಹೊಸ ಟೆಕ್ನಿಷಿಯನ್ ಆಗಿ ಬಂದದ್ದು ನಾನು ಸೇರಿ ಎಷ್ಟೋ ವರ್ಷವಾದ ಮೇಲೆ. ಬಂದ ಹೊಸದರಲ್ಲೇ ಡಾಕ್ಟರು ಎಲ್ಲದಕ್ಕೂ ಅವಳನ್ನೇ ಕರೆಯತೊಡಗಿದರು. ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ? ಅವಳು ನಕ್ಕರೂ ಮೈಯುರಿಯುತ್ತಿತ್ತು.

ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಬಣಕಲ್ ಕಡೆ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿತು ಅಂತ ನಮಗೆ ಖುಷಿ. ಆ ಸಲ ಲ್ಯಾಬಿಗೂ ಒಂದು ಡಬ್ಬಿ ಒಯ್ದಿದ್ದೆ. ಅವಳು ಎರಡೆರಡು ಸಲ ಹಾಕಿಸಿಕೊಂಡಳು.

ಮರುದಿನ ಕೊಟ್ಟಿಗೆಹಾರದ ಡ್ರೈವರೊಬ್ಬ ಬಂದ. ಸ್ಕೂಲ್ ಬಸ್ಸಿನ ಕೆಲಸ ಸಿಕ್ಕಿತ್ತು. ಗಾಂಜಾ ಗೀಂಜಾ ಇಲ್ಲವೆಂದು ನಮ್ಮ ರಿಪೋರ್ಟು ಹೋದರೆ ಮಾತ್ರ ಬಸ್ಸಿನ ಕೀಲಿ. ಕಿಟ್ಟಿನಲ್ಲಿ ಏನೂ ಬರಲಿಲ್ಲ. ಆದರೆ ಮೂತ್ರದ ಸ್ಯಾಂಪಲ್ ಕೆಂಪಗಿತ್ತು. ಡಾಕ್ಟರು ಅವನನ್ನೇ ಕರೆದು ಕೇಳಿದರು.

"ಏನು ತಗೊಂಡಿದ್ದೆ?"

"ನಿನ್ನೆ ಮದ್ದು ತಿಂದಿದ್ದೆ ಸಾರ್. ಮನೇರೆಲ್ಲ ತಿಂದ್ವಿ. ಅಜ್ಜಿನೂ ತಿಂದ್ರು."

ಅಯ್ಯೋ ಪುಣ್ಯಾತ್ಮ! ಡಾಕ್ಟರೂ ಬಯಲುಸೀಮೆಯವರೇ. ಮದ್ದು ಅಂದದ್ದು ಅವರ ಕಿವಿಗೆ ಅಮಲಿನ ಮದ್ದು, ಗಾಂಜಾ ಅಂತಲೇ ಬಿತ್ತು.

"ಟೆಸ್ಟ್ ತಪ್ಪಿಸೋಕೆ ಬಣ್ಣ ಬೇರೆ ಬೆರೆಸಿದ್ದಾನೆ. ಹಾಗೇ ಬರೀರಿ," ಅಂದರು.

"ಸಾರ್, ಅದು ನಮ್ಮ ಕಡೆ ಸೊಪ್ಪು," ಅಂದೆ.

"ಊರ ಕಥೆ ಎಲ್ಲಾ ಬೇಡಮ್ಮ."

ಡ್ರೈವರ್ ಬೆಂಚಿನ ಮೇಲೆ ಕುಸಿದ. "ಕೆಲ್ಸ ಹೋಯ್ತಲ್ಲ ಅಕ್ಕಾ," ಅಂದ.

ಅವಳು ಒಳಗೆ ಹೋಗಿ ಒಂದು ಸ್ಯಾಂಪಲ್ ಡಬ್ಬಿ ಹಿಡಿದು ಬಂದಳು. ಅದರಲ್ಲಿದ್ದದ್ದೂ ಕೆಂಪು.

"ಇದು ನಂದು ಸಾರ್. ಬೆಳಿಗ್ಗೆ ನೋಡಿ ಜೀವಾನೇ ಹೋಗಿತ್ತು. ನಿನ್ನೆ ಅಕ್ಕ ತಂದ ಪಾಯಸ ತಿಂದಿದ್ದೆ."

ಡಾಕ್ಟರ ಎದುರೇ ಅದಕ್ಕೂ ಕಿಟ್ ಹಾಕಿದಳು. ಏನೂ ಬರಲಿಲ್ಲ. ಡಾಕ್ಟರು ಜೋರಾಗಿ ನಕ್ಕು, "ಭಲೇ! ತಲೆ ಅಂದ್ರೆ ಇದು," ಅಂದರು. ಅವನ ರಿಪೋರ್ಟಿಗೆ ಅಲ್ಲೇ ಸಹಿ ಬಿತ್ತು.

ಸೊಪ್ಪು ನಮ್ಮೂರಿನದು, ಪಾಯಸ ನನ್ನದು, ಭಲೇ ಅವಳಿಗೆ! ಯಾಕೆ, ನಾನು ಪಾಯಸ ತಿಂದಿರಲಿಲ್ಲವೇ? ನನ್ನದೂ ಕೆಂಪಗೇ ಹೋಗಿತ್ತು. ಹಿಡಿದು ತಂದು ತೋರಿಸಬೇಕೆಂದು ಹೊಳೆಯಲಿಲ್ಲ, ಅಷ್ಟೆ.

ಡ್ರೈವರ್ ಅವಳಿಗೆ ಕೈ ಮುಗಿದ. "ನಿಮ್ಮ ಉಪ್ಕಾರ ಸಾಯೋ ತನಕ ಮರೆಯಲ್ಲ ಮೇಡಂ," ಅನ್ನುವಾಗ ಅವನ ಕಣ್ಣು ತುಂಬಿತ್ತು. ಆಮೇಲೆ ನನ್ನ ಕಡೆ ತಿರುಗಿದ. ಅವನ ಪರವಾಗಿ ಮೊದಲು ಬಾಯಿಬಿಟ್ಟವಳು ನಾನೇ ತಾನೇ? ಒಂದು ಮಾತಾದರೂ ಬರುತ್ತದೆಂದು ನಿಂತೆ.

"ಅಕ್ಕಾ, ಸ್ವಲ್ಪ ಆ ಬಾಗ್ಲು ತೆಗೀರಿ," ಅಂದ.

ತೆಗೆದೆ.