ತವರಿನ ಮೂರು ತಿಂಗಳು

ನಾನು ಹುಟ್ಟಿದ್ದು ಉಡುಪಿ ಜಿಲ್ಲೆಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ. ಆ ಊರಿನಲ್ಲಿ ನಾನು ಇದ್ದದ್ದು ಮೂರು ತಿಂಗಳು. ಹಾಲು ಕುಡಿದದ್ದು, ಮಲಗಿದ್ದು, ಅತ್ತದ್ದು ಬಿಟ್ಟರೆ ಅಲ್ಲಿ ಬೇರೇನಾದರೂ ಮಾಡಿದ್ದೆ ಎಂದು ಯಾರೂ ಹೇಳಿಲ್ಲ. ಆದರೂ ಹತ್ತೊಂಬತ್ತು ವರ್ಷದ ನಂತರ, ಮಹಾರಾಷ್ಟ್ರದಲ್ಲಿ ನನಗೆ ಮೆಡಿಕಲ್ ಸೀಟು ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಆ ಮೂರು ತಿಂಗಳ ಮೇಲೆ ಬಂದು ನಿಂತಿತು.

ಅಲ್ಲಿ ಹುಟ್ಟಿದ್ದು ಯಾಕೆಂದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ಇದಕ್ಕೆ ನಮ್ಮ ಕಡೆ ಯಾರೂ ಕಾರಣ ಕೇಳುವುದಿಲ್ಲ. ಏಳನೇ ತಿಂಗಳಲ್ಲಿ ಬಯಕೆ ಊಟ ಮುಗಿಸಿ ಅಮ್ಮನನ್ನು ಊರಿನ ಬಸ್ಸು ಹತ್ತಿಸಿದರು. ಐದು ತಿಂಗಳ ನಂತರ ನನ್ನನ್ನು ಎತ್ತಿಕೊಂಡು ಅವಳು ಮಹಾರಾಷ್ಟ್ರದ ಡೊಂಬಿವಲಿಗೆ ವಾಪಸ್ ಬಂದಳು. ಅಪ್ಪ ಆಗ ಇಲ್ಲಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಈಗಲೂ ನಿಲ್ಲುತ್ತಾರೆ, ಹೋಟೆಲು ಮಾತ್ರ ಬೇರೆ.

ನೀಟ್ ಪರೀಕ್ಷೆಯನ್ನು ನಾನು ಎರಡು ಸಲ ಬರೆದೆ. ಕೋಚಿಂಗ್ ಕ್ಲಾಸಿನ ಜಾಹೀರಾತುಗಳು ಸ್ಟೇಷನ್ ಸೇತುವೆಯ ತುಂಬಾ ಇದ್ದವು. ಅದರಲ್ಲಿ ನಗುತ್ತಿದ್ದ ಮಕ್ಕಳ ಮುಖಗಳನ್ನು ದಿನಾ ನೋಡುತ್ತಾ ನಾನು ನಗರಪಾಲಿಕೆಯ ಅಭ್ಯಾಸಿಕೆಗೆ ಹೋಗುತ್ತಿದ್ದೆ. ಮನೆಯಲ್ಲಿ ಜಾಗವಿಲ್ಲದವರು ಕೂತು ಓದುವ ಕೋಣೆ ಅದು. ಅಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗೆ ಇದ್ದ ಪೈಪೋಟಿ ಮೆಡಿಕಲ್ ಸೀಟಿಗೆ ಇದ್ದದ್ದಕ್ಕಿಂತ ಕಡಿಮೆಯೇನಲ್ಲ. ಪುಸ್ತಕಗಳು ಹಿಂದಿನ ವರ್ಷದವರು ಮಾರಿದ್ದು. ಅವರು ಗೆರೆ ಎಳೆದಲ್ಲೆಲ್ಲ ಮುಖ್ಯ ಎಂದುಕೊಂಡು ನಾನೂ ಓದಿದೆ. ಮೊದಲ ಸಲ ಬಂದ ಅಂಕ ನೋಡಿದ ಮೇಲೆ ಗೊತ್ತಾಯಿತು, ಅವರೂ ಪಾಸಾಗದೆಯೇ ಪುಸ್ತಕ ಮಾರಿದ್ದರು.

ಎರಡನೇ ಸಲದ ಅಂಕಕ್ಕೆ ಸರಕಾರಿ ಕಾಲೇಜು ಸಿಗುವ ಸಂಭವವಿತ್ತು, ಮಹಾರಾಷ್ಟ್ರದವರಿಗೆಂದು ತೆಗೆದಿಟ್ಟ ಸೀಟುಗಳಲ್ಲಿ ನನ್ನನ್ನು ಸೇರಿಸಿಕೊಂಡರೆ. ಇಲ್ಲವಾದರೆ ಖಾಸಗಿ ಕಾಲೇಜು. ಅದರ ಫೀಸನ್ನು ಅಪ್ಪ ನನ್ನ ಮೊಬೈಲಿನಲ್ಲಿ ನೋಡಿ, "ಇದು ಯಾರ ಫೋನ್ ನಂಬರ್?" ಎಂದು ಕೇಳಿದ್ದರು. ಕರ್ನಾಟಕದಲ್ಲಿ ಕೇಳೋಣವೆಂದರೆ ಅಲ್ಲಿ ನಾನು ಒಂದು ದಿನವೂ ಶಾಲೆಗೆ ಹೋದವಳಲ್ಲ. ಅಪ್ಪನ ಜಾತಿ ಪ್ರಮಾಣಪತ್ರವನ್ನೂ ವಿಚಾರಿಸಿದೆವು. ಅದು ಊರಿನದು, ಇಲ್ಲಿ ನಡೆಯುವುದಿಲ್ಲ ಎಂದರು. ರಾಜ್ಯದ ಗಡಿ ದಾಟಿದರೆ ಜಾತಿ ಹಿಂದೆಯೇ ಉಳಿಯುತ್ತದೆ ಎಂಬುದು ಸರಕಾರಕ್ಕೆ ಮಾತ್ರ ಗೊತ್ತಿರುವ ವಿಷಯ. ನಮ್ಮ ಸಂಬಂಧಿಕರಿಗೆ ಇನ್ನೂ ತಿಳಿದಿಲ್ಲ.

ಹೀಗೆ ಎಲ್ಲ ಬಿಟ್ಟು ಉಳಿದದ್ದು ಒಂದೇ ಕಾಗದ, ಡೊಮಿಸೈಲ್. ನಾನು ಈ ರಾಜ್ಯದ ನಿವಾಸಿ ಎಂಬುದಕ್ಕೆ ಪ್ರಮಾಣಪತ್ರ. ಕಲ್ಯಾಣದ ತಹಸೀಲ್ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕನ್ನಡಕ ಹಾಕಿದ ಒಬ್ಬ ಮೇಡಂ ಇದ್ದರು. ನನ್ನ ಕಾಗದಗಳನ್ನು ಸಮಾಧಾನದಿಂದ ತಿರುವಿ ಹಾಕಿದರು. ಅವರು ಮಾತಾಡಿದ್ದು ಮರಾಠಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜನ್ಮಸ್ಥಳ ಕರ್ನಾಟಕ?"

"ಹೌದು ಮೇಡಂ. ಮೂರು ತಿಂಗಳು ಮಾತ್ರ."

"ಹೊರಗೆ ಹುಟ್ಟಿದವರಿಗೆ ಹದಿನೈದು ವರ್ಷದ ವಾಸದ ಪುರಾವೆ ಬೇಕು. ಶಾಲೆಯದು ಒಂದನೇ ಕ್ಲಾಸಿನಿಂದ ಇದೆ. ಅದಕ್ಕಿಂತ ಹಿಂದೆ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ."

"ಇಲ್ಲೇ ಅಂದರೆ ಯಾವ ಕಾಗದದಲ್ಲಿ?"

ಈ ಪ್ರಶ್ನೆ ಸರಿಯಾಗಿತ್ತು. ನಾವು ಯಾವ ಕಾಗದದಲ್ಲೂ ಇರಲಿಲ್ಲ. ಅಪ್ಪ ಹೋಟೆಲು ಬದಲಾಯಿಸಿದಂತೆ ನಾವು ಬಾಡಿಗೆ ಖೋಲಿ ಬದಲಾಯಿಸಿದವರು. ಒಮ್ಮೆ ಡೊಂಬಿವಲಿ, ಒಮ್ಮೆ ಕಾಮೋಠೆ, ಮತ್ತೆ ಡೊಂಬಿವಲಿ. ಲೈಟ್ ಬಿಲ್ಲು ಮಾಲೀಕರ ಹೆಸರಿನಲ್ಲಿ. ರೇಷನ್ ಕಾರ್ಡು ಊರಿನಲ್ಲಿ. ಹೆಸರು ತೆಗೆಸಿದರೆ ಅಜ್ಜಿಗೆ ಬರುವ ಅಕ್ಕಿ ಕಡಿಮೆಯಾಗುತ್ತದೆ ಎಂದು ಅಪ್ಪ ತೆಗೆಸಿರಲಿಲ್ಲ. ಅಪ್ಪನ ವೋಟೂ ಊರಿನಲ್ಲೇ. ಇಷ್ಟು ವರ್ಷ ಇಲ್ಲಿ ದೋಸೆ ಹುಯ್ದ ಮನುಷ್ಯ ದಾಖಲೆಯ ಪ್ರಕಾರ ಊರು ಬಿಟ್ಟೇ ಇರಲಿಲ್ಲ.

ದಾಖಲೆಗಳನ್ನು ಅಪ್‌ಲೋಡ್ ಮಾಡುವ ಕೊನೆಯ ದಿನಕ್ಕೆ ಮೂರು ವಾರವಿತ್ತು. ಅಂದು ಮನೆಗೆ ಬಂದಾಗ ಅಮ್ಮ ಆಗತಾನೆ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ಅವಳು ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ಚಪಾತಿ ಲಟ್ಟಿಸುತ್ತಾಳೆ. ಆಫೀಸಿನಿಂದ ಬರುವವರು ಸ್ಟೇಷನ್ನಿನಲ್ಲಿಳಿದು ರಾತ್ರಿಯ ಊಟಕ್ಕೆ ಕಟ್ಟಿಸಿಕೊಂಡು ಹೋಗುವ ಅಂಗಡಿ. ನನಗೆ ಸಿಟ್ಟು ಬಂದಾಗ ಎದುರಿಗೆ ಯಾರಿದ್ದಾರೋ ಅವರ ಮೇಲೆ ಹೋಗುತ್ತದೆ. ಇದು ನನ್ನ ಹಳೆಯ ಗುಣ.

"ಹೆರಲಿಕ್ಕೆ ಅಲ್ಲಿಗೇ ಹೋಗ್ಬೇಕಿತ್ತಾ? ಇಲ್ಲಿ ಆಸ್ಪತ್ರೆ ಇರ್ಲಿಲ್ವಾ? ಡೊಂಬಿವಲಿಯಲ್ಲಿ ಯಾರೂ ಹೆರುವುದೇ ಇಲ್ವಾ?" ಎಂದೆ.

ಅಮ್ಮ ಕಾಲು ಮಡಚಿ ಎದ್ದು ಒಳಗೆ ಹೋದಳು. ಒಳಗೆ ಎಂದರೆ ಪರದೆಯ ಆಚೆ. ನಮ್ಮ ಖೋಲಿಯಲ್ಲಿ ಅದಕ್ಕಿಂತ ಒಳಗೆ ಹೋಗಲು ಜಾಗವಿಲ್ಲ.

ಅಪ್ಪನ ವಾರದ ರಜೆಯ ದಿನ ನಾವಿಬ್ಬರೂ ಹಳೆಯ ಖೋಲಿಗಳ ಮಾಲೀಕರನ್ನು ಹುಡುಕಿಕೊಂಡು ಹೊರಟೆವು. "ಇಂಥವರು ಇಂಥ ವರ್ಷ ನಮ್ಮಲ್ಲಿ ಬಾಡಿಗೆಗಿದ್ದರು" ಎಂದು ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳುವುದು ನಮ್ಮ ಯೋಜನೆ. ಒಂದು ಸಾಲನ್ನು ಯಾರು ಬೇಕಾದರೂ ಬರೆದುಕೊಡುತ್ತಾರೆ ಎಂದು ಅಪ್ಪನಿಗೆ ಖಾತ್ರಿಯಿತ್ತು. ನನಗೂ ಇತ್ತು.

ಕಾಮೋಠೆಯಲ್ಲಿ ನಾವಿದ್ದ ಕಟ್ಟಡಕ್ಕೆ ಈಗ ಗೇಟು, ಗೇಟಿಗೆ ವಾಚ್‌ಮನ್, ವಾಚ್‌ಮನ್ ಕೈಯಲ್ಲಿ ಇಂಟರ್‌ಕಾಮ್ ಬಂದಿದೆ. ಮಾಲೀಕರು ಮೇಲಿನಿಂದಲೇ, ನಾವು ಯಾವತ್ತೂ ಯಾರಿಗೂ ಬಾಡಿಗೆಗೆ ಕೊಟ್ಟವರಲ್ಲ ಎಂದು ಹೇಳಿಸಿದರು. ಅಪ್ಪ ಅವರ ಅಡುಗೆಮನೆಯ ಕಿಟಕಿಯನ್ನು ಕೆಳಗಿನಿಂದ ಸ್ವಲ್ಪ ಹೊತ್ತು ನೋಡಿದರು. ಅದರ ಸರಳಿಗೆ ಬಣ್ಣ ಹೊಡೆದದ್ದು ಅಪ್ಪನೇ.

ಡೊಂಬಿವಲಿಯಲ್ಲಿ ನಾವಿದ್ದ ಹಳೆಯ ಚಾಳಿನ, ಆ ಸಾಲುಖೋಲಿಗಳ ಮಾಲಕಿ ಆಜಿ ಹಾಗಲ್ಲ. ಬಾಗಿಲಲ್ಲೇ ನನ್ನ ಗಲ್ಲ ಹಿಡಿದು, "ನೀನಲ್ವಾ, ನನ್ನ ತುಳಸಿ ಕಟ್ಟೆಯ ಮಣ್ಣು ತಿಂತಾ ಇದ್ದದ್ದು?" ಎಂದರು. ಚಹಾ ಕೊಟ್ಟರು. ಅವಲಕ್ಕಿ ಪೋಹೆ ಕೊಟ್ಟರು. ಅಮ್ಮನಿಗೆಂದು ಕುಂಕುಮ, ರವಿಕೆ ಕಣ ಕೊಟ್ಟರು. ನಾನು ಯಾವ ತಿಂಗಳಲ್ಲಿ ನಡೆಯಲು ಕಲಿತೆ, ಯಾವ ಹಲ್ಲು ಮೊದಲು ಬಂತು, ಎಲ್ಲವನ್ನೂ ಹೇಳಿದರು. ಇಷ್ಟು ಒಳ್ಳೆಯ ಸಾಕ್ಷಿ ನ್ಯಾಯಾಲಯದಲ್ಲೂ ಸಿಗಲಿಕ್ಕಿಲ್ಲ. ಅಪ್ಪ ಕಾಗದ ತೆಗೆದು ಮುಂದಿಟ್ಟರು.

"ಕಾಗದ ಮಾತ್ರ ಕೇಳಬೇಡಪ್ಪ," ಎಂದರು ಆಜಿ. "ಚಾಳು ಒಡೆದು ಟವರ್ ಕಟ್ಟುವ ಮಾತು ನಡೀತಿದೆ, ಬಾಡಿಗೆಗಿದ್ದವರಿಗೂ ಫ್ಲ್ಯಾಟ್ ಕೊಡ್ಬೇಕಂತೆ. ಇಲ್ಲಿದ್ದರು ಅಂತ ಬರೆದುಕೊಟ್ರೆ ನಾಳೆ ನೀವೂ ಫ್ಲ್ಯಾಟ್ ಕೇಳ್ತೀರಿ."

"ನಮಗೆ ಫ್ಲ್ಯಾಟ್ ಬೇಡ ಆಜಿ. ಇವಳಿಗೆ ಸೀಟು ಬೇಕು, ಅಷ್ಟೇ."

"ಮೊದಲು ಎಲ್ಲರೂ ಹಾಗೇ ಹೇಳೋದು," ಎಂದರು ಆಜಿ, ಬಹಳ ಪ್ರೀತಿಯಿಂದ. ಇನ್ನೊಂದು ಲೋಟ ಚಹಾ ಬಗ್ಗಿಸಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಅಮ್ಮ ರವಿಕೆ ಕಣವನ್ನು ತೆಗೆದುಕೊಂಡು, ಆಜಿ ಹೇಗಿದ್ದಾರೆ ಎಂದು ಅಪ್ಪನನ್ನು ವಿಚಾರಿಸಿದಳು. ನನ್ನ ಜೊತೆ ಅವಳು ಊಟಕ್ಕೆ ಕರೆಯುವಷ್ಟೇ ಮಾತಾಡುತ್ತಿದ್ದಳು. ಪುರಾವೆಗಾಗಿ ನಾವು ಎರಡು ಊರು ತಿರುಗಿದೆವು, ಊರಿನ ಪಂಚಾಯತಿಗೂ ಫೋನು ಮಾಡಿದೆವು. ಅಮ್ಮನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಅವಳಿಗೆ ಇದರಲ್ಲಿ ಏನು ಗೊತ್ತಿರುತ್ತದೆ ಎಂದುಕೊಂಡಿದ್ದೆವು.

ಕೊನೆಯ ದಿನಗಳು ಹತ್ತಿರ ಬಂದಾಗ, ಇದ್ದ ಕಾಗದಗಳ ಮೇಲೆಯೇ ತಂದೆ ಅಥವಾ ತಾಯಿಯ ಸ್ವಯಂ ಘೋಷಣಾ ಪತ್ರ ಸೇರಿಸಿ ಇನ್ನೊಮ್ಮೆ ಕೇಳಿ ನೋಡೋಣ ಎಂದಾಯಿತು. ಅಪ್ಪನಿಗೆ ಮತ್ತೆ ರಜೆ ಸಿಗಲಿಲ್ಲ. ಅಮ್ಮ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದಳು. "ಅಲ್ಲಿ ನೀನು ಏನೂ ಮಾತಾಡ್ಬೇಡ, ಸಹಿ ಮಾತ್ರ ಹಾಕು," ಎಂದು ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅವಳಿಗೆ ಹೇಳಿದೆ. ಡಾಕ್ಟರಾಗುವ ಮೊದಲೇ ಆ ಧಾಟಿ ನನಗೆ ಬಂದುಬಿಟ್ಟಿತ್ತು.

ಕಿಟಕಿಯಲ್ಲಿ ಅದೇ ಮೇಡಂ. ಮತ್ತೆ ಎಲ್ಲವನ್ನೂ ನೋಡಿದರು. ಮತ್ತೆ ಅದೇ ವರ್ಷಗಳು ಖಾಲಿ.

"ಮೊದಲ ಹೆರಿಗೆ ಮಾಹೇರಿನಲ್ಲಿ ಆಗುವುದಲ್ವಾ ಮೇಡಂ," ಎಂದಳು ಅಮ್ಮ ಇದ್ದಕ್ಕಿದ್ದಂತೆ, ಮರಾಠಿಯಲ್ಲಿ. ಮಾಹೇರ್ ಎಂದರೆ ತವರು. "ನೀವು ಹೋಗ್ಲಿಲ್ವಾ?"

ಮೇಡಂ ಕನ್ನಡಕ ತೆಗೆದರು. "ಹೋಗಿದ್ದೆ. ಸಾತಾರಕ್ಕೆ. ಆದರೆ ಸಾತಾರ ಮಹಾರಾಷ್ಟ್ರದಲ್ಲಿದೆ."

ಮೇಡಂ ಕಾಗದಗಳನ್ನು ನಮ್ಮ ಕಡೆ ಸರಿಸಿದರು. ಆಮೇಲೆ, ಅಮ್ಮನ ಮುಖ ನೋಡಿಯೋ ಏನೋ, "ಮಗು ಆಗ ಇಲ್ಲಿತ್ತು ಅಂತ ತೋರಿಸುವ ಏನಾದರೂ ಸರಕಾರಿ ಕಾಗದ ಇದೆಯಾ? ಏನಾದರೂ?" ಎಂದು ಅವಳನ್ನೇ ಕೇಳಿದರು. ಅಷ್ಟು ದಿನಗಳಲ್ಲಿ ಅಮ್ಮನನ್ನು ಕೇಳಿದ ಮೊದಲಿಗರು ಅವರು.

ಅಮ್ಮ ನನ್ನನ್ನು ನೋಡಿದಳು. ಕೈಚೀಲದ ಒಳಗಿನ ಪ್ಲಾಸ್ಟಿಕ್ ಚೀಲದ ಒಳಗಿನಿಂದ ಹಳದಿ ಬಣ್ಣದ ಒಂದು ಮಡಚಿದ ಕಾರ್ಡು ತೆಗೆದು, ಕೊಡಲೋ ಬೇಡವೋ ಎಂಬಂತೆ ಕಿಟಕಿಯ ಅಂಚಿನಲ್ಲಿ ಇಟ್ಟಳು. ನನ್ನ ಚುಚ್ಚುಮದ್ದಿನ ಕಾರ್ಡು. ನಗರಪಾಲಿಕೆಯ ದವಾಖಾನೆಯದು. ಮೂರನೇ ತಿಂಗಳಿನಿಂದ ಐದು ವರ್ಷ ತುಂಬುವವರೆಗೆ, ಪ್ರತಿ ಲಸಿಕೆಗೂ ಪ್ರತಿ ಪೋಲಿಯೋ ಹನಿಗೂ ದಿನಾಂಕ, ಸಹಿ, ನೇರಳೆ ಶಾಯಿಯ ಮೊಹರು. ಕಾಮೋಠೆಯಲ್ಲಿದ್ದಾಗಲೂ ಅಮ್ಮ ನನ್ನನ್ನು ಎತ್ತಿಕೊಂಡು ಎರಡು ರೈಲು ಬದಲಾಯಿಸಿ ಡೊಂಬಿವಲಿಯ ಅದೇ ದವಾಖಾನೆಗೆ ಬಂದಿದ್ದಳು. ಅಲ್ಲಿಯ ನರ್ಸಿನ ಕೈ ಹಗುರ ಎಂಬುದು ಕಾರಣ.

"ಇದನ್ನು ಮೊದಲೇ ಯಾಕೆ ತರಲಿಲ್ಲ?" ಎಂದು ಮೇಡಂ ನನ್ನನ್ನು ಕೇಳಿದರು. ನಾನು ಅಮ್ಮನನ್ನು ಕೇಳಿದೆ.

"ಮೇಲೆ ನೋಡು," ಎಂದಳು ಅಮ್ಮ.

ಕಾರ್ಡಿನ ಮೊದಲ ಸಾಲಿನಲ್ಲಿ ನನ್ನ ಹೆಸರು. ಎರಡನೆಯದರಲ್ಲಿ ಹುಟ್ಟಿದ ಸ್ಥಳ, ಅವಳ ತವರಿನ ಹೆಸರು, ಕೆಂಪು ಶಾಯಿಯಲ್ಲಿ. ನಾನು ಕೂಗಾಡಿದ ದಿನವೇ ಅವಳು ಅದನ್ನು ಕಪಾಟಿನಿಂದ ತೆಗೆದು ಸೀರೆಗಳ ಅಡಿಗೆ ಸೇರಿಸಿದ್ದಳಂತೆ. ತಾನು ಮಾಡಿದ ತಪ್ಪಿಗೆ ಇನ್ನೊಂದು ಸಾಕ್ಷಿ ಯಾಕೆ ಎಂದು. ಹಾಗಾದರೆ ಇವತ್ತು ಯಾಕೆ ತಂದೆ ಎಂದು ಕೇಳಿದ್ದಕ್ಕೆ, "ಬಿಸಾಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಇಡ್ಲಿಕ್ಕೆ ಹೆದರಿಕೆ. ಆಮೇಲೆ ಚೀಲದಲ್ಲೇ ಇಟ್ಕೊಂಡು ತಿರುಗ್ತಿದ್ದೇನೆ," ಎಂದಳು.

ಮೇಡಂ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, ಇದು ಆಗುತ್ತದೆ ಎಂದರು. ಘೋಷಣಾ ಪತ್ರದ ನಮೂನೆ ಎಳೆದುಕೊಂಡು ತಾವೇ ತುಂಬತೊಡಗಿದರು. ಒಂದು ಕಡೆ ಪೆನ್ನು ನಿಲ್ಲಿಸಿ, "ರಾಜ್ಯದ ಹೊರಗೆ ಹೆರಿಗೆಯಾದ ಕಾರಣ?" ಎಂದು ಅಮ್ಮನನ್ನು ಕೇಳಿದರು.

ಅಮ್ಮನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಚಪಾತಿ ಲಟ್ಟಿಸುವ ಹೆಂಗಸರ ನಡುವೆ ಕಲಿತದ್ದು, ಬೈಗುಳ ಸಮೇತ. ಆದರೆ ಈ ಉತ್ತರವನ್ನು ಅವಳು ನನ್ನ ಕಡೆ ತಿರುಗಿ ಮನೆಯ ಭಾಷೆಯಲ್ಲಿ, ತುಳುವಿನಲ್ಲಿ ಹೇಳಿದಳು. ಎರಡು ವಾರದ ಹಿಂದೆ ನಾನು ಕೇಳಿದ್ದಕ್ಕೆ ಅವಳ ಉತ್ತರ ಅದು.

"ಮದುವೆಯಾಗಿ ಬಂದಾಗ ಖೋಲಿಯಲ್ಲಿ ಹೋಟೆಲಿನ ಐದು ಜನ ಇದ್ರು. ಎಲ್ಲರಿಗೂ ಅಡುಗೆ. ನೀರು ಬೆಳಿಗ್ಗೆ ನಾಲ್ಕಕ್ಕೆ ಬರ್ತಿತ್ತು. ತವರಿನಲ್ಲಿ ನನಗೆ ನಿದ್ದೆ ಮಾಡ್ಲಿಕ್ಕೆ ಬಿಡ್ತಿದ್ರು. ಅಮ್ಮ ಎಬ್ಬಿಸ್ತಿರ್ಲಿಲ್ಲ. ನೀನು ಅತ್ತರೂ ಅವರೇ ಎತ್ತಿಕೊಳ್ತಿದ್ರು. ಅದಕ್ಕೇ ಹೋದದ್ದು. ನಿನ್ನ ಸೀಟು ಹೋಗ್ತದೆ ಅಂತ ಗೊತ್ತಿದ್ರೆ ಹೋಗ್ತಿರ್ಲಿಲ್ಲ ಮಗಾ."

"ಏನಂತೆ?" ಎಂದರು ಮೇಡಂ.

"ಮೊದಲ ಹೆರಿಗೆ, ಪದ್ಧತಿ ಪ್ರಕಾರ," ಎಂದೆ. ಅವರು ಅದನ್ನೇ ಬರೆದುಕೊಂಡರು. ಅಮ್ಮ ಸಹಿ ಹಾಕಿದಳು. ನನಗೆ ನಾಚಿಕೆಯಾಗಿತ್ತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಪ್ರಮಾಣಪತ್ರ ಬಂದದ್ದು ಅಪ್‌ಲೋಡಿಗೆ ಎರಡು ದಿನ ಉಳಿದಿದ್ದಾಗ. ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿತು, ಸರಕಾರಿ ಕಾಲೇಜು, ಮನೆಯಿಂದ ಒಂದು ರಾತ್ರಿಯ ಪ್ರಯಾಣ. ಅಪ್ಪ ಹೋಟೆಲಿನಲ್ಲಿ ಪೇಡೆ ಹಂಚಿದರು. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆ ಮಧ್ಯಾಹ್ನ ನಮಗೆ ಇದು ಯಾವುದೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಷ್ಟೇ: ನಾಲ್ಕು ಗಂಟೆಗೆ ಅಮ್ಮ ಕೆಲಸಕ್ಕೆ ಹೋಗಬೇಕು. ಕಲ್ಯಾಣದಲ್ಲಿ ಸ್ಲೋ ಲೋಕಲ್ ಖಾಲಿ ಬಂತು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಡೊಂಬಿವಲಿ ಎರಡನೇ ಸ್ಟೇಷನ್, ಹತ್ತು ನಿಮಿಷದ ದಾರಿ. ಠಾಕುರ್ಲಿ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಚೀಲ ಮಡಿಲಲ್ಲಿತ್ತು.

ಡೊಂಬಿವಲಿ ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ನಾನು ಅವಳ ಭುಜ ಮುಟ್ಟಲು ಕೈ ಎತ್ತಿ ಹಾಗೇ ಇಳಿಸಿದೆ. ಬಂಡಿ ಹೊರಟಿತು. ಕೋಪರ್ ಹೋಯಿತು, ದಿವಾ, ಮುಂಬ್ರಾ ಹೋಯಿತು. ಕಳವಾ ದಾಟಿದಾಗ ಡಬ್ಬಿ ತುಂಬಿತ್ತು. ಒಬ್ಬ ಹೆಂಗಸು ಬಂದು, ಸೀಟು ಹಿಡಿಯಲು ಇಲ್ಲಿ ಎಲ್ಲರೂ ಕೇಳುವ ಹಾಗೆ, ಎಲ್ಲಿ ಇಳಿಯುತ್ತೀರಿ ಎಂದು ನನ್ನನ್ನು ಕೇಳಿದಳು.

"ಡೊಂಬಿವಲಿ," ಎಂದೆ.

ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮುಂದಿನ ಸೀಟಿನವರನ್ನು ಕೇಳಲು ಹೋದಳು.